ಗೋಲ್ಡ್ ಕೋಸ್ಟ್‌ನಲ್ಲಿ ರಾಜಕೀಯ ಪಕ್ಷಗಳು ಹುಟ್ಟಿದ್ದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ನೋಟ್ಸ್‌ನಲ್ಲಿ ಘಾನಾ ಬಗ್ಗೆ ಸಾಮಾನ್ಯವಾಗಿ ಎರಡೇ ಸಾಲು ಇರುತ್ತೆ. 1949ರಲ್ಲಿ ಕ್ವಾಮೆ ಎನ್‌ಕ್ರುಮಾ ಎಂಬ ನಾಯಕರು ಪಕ್ಷ ಕಟ್ಟಿದರು, 1957ರಲ್ಲಿ ಸ್ವಾತಂತ್ರ್ಯ ಬಂತು. ಎರಡೂ ಸರಿಯೇ. ಆದರೆ ಅದರ ಹಿಂದೆ ಐವತ್ತು ವರ್ಷದ ಕಥೆ ಇದೆ, ಅದನ್ನು ಬಿಟ್ಟರೆ ಆ ಎರಡು ಸಾಲೂ ಅರ್ಥ ಆಗಲ್ಲ. ಗೆಳೆಯರು, ಓದುವ ಹುಡುಗರು ನನ್ನನ್ನು ಕೇಳುತ್ತಾ ಬಂದ ಪ್ರಶ್ನೆಗಳಿಗೆ ಉತ್ತರ ಇಲ್ಲಿದೆ.

ಗೋಲ್ಡ್ ಕೋಸ್ಟ್ ಅಂದರೆ ಘಾನಾನೇ ಅಲ್ವಾ?

ಹೌದು. ಪಶ್ಚಿಮ ಆಫ್ರಿಕಾದಲ್ಲಿ ಬ್ರಿಟಿಷರ ಕೈಲಿದ್ದ ವಸಾಹತು. 1957ರ ಮಾರ್ಚ್ 6ರಂದು ಸ್ವತಂತ್ರವಾದಾಗ ಘಾನಾ ಅಂತ ಹೆಸರಿಟ್ಟುಕೊಂಡಿತು. ಒಂದು ವಿಷಯ ನೆನಪಿಟ್ಟುಕೊಳ್ಳಿ. ಅದು ಒಂದೇ ತುಂಡಾಗಿರಲಿಲ್ಲ. ಕರಾವಳಿಯ ವಸಾಹತು ಒಂದು. ಅದರ ಮೇಲೆ ಕುಮಾಸಿ ರಾಜಧಾನಿಯಾಗಿದ್ದ ಅಶಾಂಟಿ ಸೀಮೆ. ಇನ್ನೂ ಮೇಲೆ ಉತ್ತರದ ಒಣ ಸೀಮೆ. ಪೂರ್ವದ ಅಂಚಿನಲ್ಲಿ ಜರ್ಮನ್ನರಿಂದ ಬಂದ ಟೋಗೋಲ್ಯಾಂಡ್‌ನ ಒಂದು ಭಾಗ. ಮುಂದೆ ಪಕ್ಷಗಳು ಒಡೆದದ್ದು ಹೆಚ್ಚುಕಡಿಮೆ ಇದೇ ಗೆರೆಗಳ ಮೇಲೆ.

ಮೊದಲ ರಾಜಕೀಯ ಸಂಘಟನೆ ಯಾವುದು?

ತೀರಾ ಹಿಂದಕ್ಕೆ ಹೋದರೆ 1868ರ ಫಾಂಟೆ ಒಕ್ಕೂಟ ಸಿಗುತ್ತೆ. ಕರಾವಳಿಯ ಫಾಂಟೆ ಜನರ ಒಡೆಯರು (ಅಂದರೆ ಸಾಂಪ್ರದಾಯಿಕ ಮುಖಂಡರು), ಓದಿದವರು ಸೇರಿ ಮಾಂಕೆಸಿಮ್‌ನಲ್ಲಿ ಕಟ್ಟಿದ್ದು. 1871ರಲ್ಲಿ ತಮ್ಮದೇ ಸಂವಿಧಾನವನ್ನೂ ಬರೆದುಕೊಂಡಿದ್ದರು. ಅದು ಹೆಚ್ಚು ದಿನ ಬಾಳಲಿಲ್ಲ.

ನಿಜವಾಗಿ ಬೇರು ಬಿಟ್ಟದ್ದು 1897ರಲ್ಲಿ ಕೇಪ್ ಕೋಸ್ಟ್ ಊರಿನಲ್ಲಿ ಹುಟ್ಟಿದ ಮೂಲನಿವಾಸಿಗಳ ಹಕ್ಕು ರಕ್ಷಣಾ ಸಂಘ. ಕಾರಣ ಭೂಮಿ. ಸರ್ಕಾರ ಒಂದು ಭೂ ಮಸೂದೆ ತಂದಿತ್ತು. ಯಾರೂ ಉಳದೆ ಬೀಳು ಬಿದ್ದ ಭೂಮಿಯ ಮೇಲೆ ಸರ್ಕಾರದ ಹಿಡಿತ ಇರಬೇಕು ಅನ್ನೋದು ಅದರ ಹಿಂದಿನ ಲೆಕ್ಕ. ಅಲ್ಲಿನ ಜನಕ್ಕೆ ಈ ಮಾತೇ ಅರ್ಥ ಆಗಲಿಲ್ಲ. ಬೀಳು ಬಿಟ್ಟಿದ್ದೇವೆ ಅಂದಮಾತ್ರಕ್ಕೆ ಭೂಮಿ ಯಾರದೂ ಅಲ್ಲದ್ದು ಆಗುತ್ತಾ? ಅದು ಮನೆತನದ್ದು, ಊರಿನದ್ದು, ಹಿರಿಯರು ಬಿಟ್ಟುಹೋದದ್ದು, ಇನ್ನೂ ಹುಟ್ಟದ ಮಕ್ಕಳದ್ದೂ ಹೌದು.

ಒಡೆಯರು, ವಕೀಲರು, ವ್ಯಾಪಾರಿಗಳು ಒಟ್ಟಾದರು. ಜಾನ್ ಮೆನ್ಸಾ ಸರ್ಬಾ ಎಂಬ ವಕೀಲರು ಕಾನೂನಿನ ಕಡೆಯಿಂದ ವಾದ ಕಟ್ಟಿಕೊಟ್ಟರು. 1898ರಲ್ಲಿ ಜೇಕಬ್ ಸೇ ಎಂಬ ಶ್ರೀಮಂತ ವ್ಯಾಪಾರಿಯೂ ಸೇರಿ ಮೂವರ ನಿಯೋಗ ಲಂಡನ್‌ಗೆ ಹೋಗಿ ವಸಾಹತು ಮಂತ್ರಿ ಜೋಸೆಫ್ ಚೇಂಬರ್ಲೇನ್ ಅವರನ್ನೇ ಕಂಡು ಬಂತು. ಮಸೂದೆ ಬಿದ್ದುಹೋಯಿತು. ಕೀನ್ಯಾದಲ್ಲಿ, ರೊಡೇಷಿಯಾದಲ್ಲಿ ಬಿಳಿಯರು ಒಳ್ಳೆಯ ಭೂಮಿಯನ್ನೆಲ್ಲಾ ನುಂಗಿದ್ದು ನೆನೆಸಿಕೊಂಡರೆ ಇದು ಎಂಥಾ ಗೆಲುವು ಅಂತ ಗೊತ್ತಾಗುತ್ತೆ. ನನ್ನ ಕೇಳಿದರೆ ಇಡೀ ಕಥೆಯಲ್ಲಿ ಜನ ಅತಿ ಕಡಿಮೆ ಮಾತಾಡುವ, ಅತಿ ಹೆಚ್ಚು ಮಾತಾಡಬೇಕಾದ ಭಾಗ ಇದೇ.

ಹಾಗಾದರೆ ಅದನ್ನೇ ಪಕ್ಷ ಅನ್ನಬಹುದಲ್ವಾ?

ಇಲ್ಲ. ಚುನಾವಣೆಯೇ ಇಲ್ಲದ ಕಡೆ ಪಕ್ಷಕ್ಕೆ ಏನು ಕೆಲಸ? ಅರ್ಜಿ ಬರೆಯುವುದು, ನಿಯೋಗ ಕಳಿಸುವುದು, ಪತ್ರಿಕೆ ನಡೆಸುವುದು ಇಷ್ಟೇ. ಸದಸ್ಯರು ಅಂದರೆ ಇಂಗ್ಲಿಷ್ ಬಲ್ಲ ಕೆಲವರು ಮತ್ತು ಒಡೆಯರು. ಊರ ಮೀನುಗಾರನಿಗೆ ಅಲ್ಲಿ ಕುರ್ಚಿ ಇರಲಿಲ್ಲ.

ಭಾರತದ ಕಾಂಗ್ರೆಸ್ ತರಹದ್ದು ಅಲ್ಲೂ ಇತ್ತಾ?

ಇತ್ತು. 1920ರ ಮಾರ್ಚ್‌ನಲ್ಲಿ ರಾಜಧಾನಿ ಅಕ್ರಾದಲ್ಲಿ ಬ್ರಿಟಿಷ್ ಪಶ್ಚಿಮ ಆಫ್ರಿಕಾದ ರಾಷ್ಟ್ರೀಯ ಕಾಂಗ್ರೆಸ್ ಶುರುವಾಯಿತು. ಮುಖ್ಯ ವ್ಯಕ್ತಿ ಕೇಸ್ಲಿ ಹೇಫರ್ಡ್, ವಕೀಲರು, ಪತ್ರಕರ್ತರು. ಗೋಲ್ಡ್ ಕೋಸ್ಟ್, ನೈಜೀರಿಯಾ, ಸಿಯೆರಾ ಲಿಯೋನ್, ಗ್ಯಾಂಬಿಯಾ ನಾಲ್ಕೂ ಕಡೆಯಿಂದ ಪ್ರತಿನಿಧಿಗಳು ಬಂದಿದ್ದರು. ಶಾಸನ ಸಭೆಯಲ್ಲಿ ಅರ್ಧ ಜನ ಚುನಾಯಿತರಾಗಿರಬೇಕು, ನಮ್ಮಲ್ಲೇ ಒಂದು ವಿಶ್ವವಿದ್ಯಾಲಯ ಬೇಕು ಎಂದು ಕೇಳಿದರು. ಸ್ವಾತಂತ್ರ್ಯ ಕೇಳಲಿಲ್ಲ.

ಅದೇ ವರ್ಷ ಲಂಡನ್‌ಗೆ ಹೋದ ನಿಯೋಗ ಬರಿಗೈಲಿ ವಾಪಸ್ ಬಂತು. ನೋವಿನ ಸಂಗತಿ ಅಂದರೆ ಏಟು ಬಿದ್ದದ್ದು ಗವರ್ನರ್‌ಗಳಿಂದ ಮಾತ್ರ ಅಲ್ಲ. ಅಕಿಮ್ ಅಬುವಾಕ್ವಾದ ದೊರೆ ನಾನಾ ಒಫೋರಿ ಅಟ್ಟಾ ಅವರೇ ಎದುರು ನಿಂತರು. ಜನರ ಪ್ರತಿನಿಧಿಗಳು ಒಡೆಯರು, ಕೋಟು ಹಾಕಿಕೊಂಡ ಈ ಪಟ್ಟಣದವರಲ್ಲ ಅನ್ನೋದು ಅವರ ವಾದ. ಬ್ರಿಟಿಷರಿಗೆ ಬೇಕಾಗಿದ್ದೂ ಅದೇ. ಒಫೋರಿ ಅಟ್ಟಾ ಅವರ ವಾದದಲ್ಲಿ ಒಂದಿಷ್ಟು ಸತ್ಯವೂ ಇತ್ತು, ಅದನ್ನು ಮುಚ್ಚಿಡಬಾರದು. ಕಾಂಗ್ರೆಸ್‌ನವರು ಹಳ್ಳಿಗೆ ಹೋಗಿರಲಿಲ್ಲ. ಹೋಗಬೇಕು ಅಂತ ಅನ್ನಿಸಿಯೂ ಇರಲಿಲ್ಲ.

ಮೊದಲ ಚುನಾವಣೆ ಯಾವಾಗ ಬಂತು?

1925ರಲ್ಲಿ ಗವರ್ನರ್ ಗಗಿಸ್‌ಬರ್ಗ್ ಕಾಲದ ಸಂವಿಧಾನ ಬಂತು. ಅಕ್ರಾ, ಕೇಪ್ ಕೋಸ್ಟ್, ಸೆಕೊಂಡಿ ಪಟ್ಟಣಗಳಿಗೆ ತಲಾ ಒಂದು ಚುನಾಯಿತ ಸ್ಥಾನ. ಒಡೆಯರ ಮಂಡಳಿಗಳು ಆರಿಸುವ ಆರು ಸ್ಥಾನ. ಅಶಾಂಟಿಗೆ, ಉತ್ತರಕ್ಕೆ ಏನೂ ಇಲ್ಲ. ಓಟು ಆಸ್ತಿ ಇದ್ದ ಕೆಲವರಿಗೆ ಮಾತ್ರ. ಹಾಗಾಗಿ ಹುಟ್ಟಿದ ಪಕ್ಷಗಳೂ ಪಟ್ಟಣದ ಅಳತೆಯವೇ. ಅಕ್ರಾದಲ್ಲಿ ಮಾಂಬಿ ಪಕ್ಷ, ತೆರಿಗೆದಾರರ ಸಂಘ ಅಂತೆಲ್ಲಾ ಇದ್ದವು.

1930ರ ದಶಕದಲ್ಲಿ ಏನೂ ನಡೆಯಲಿಲ್ವಾ?

ತುಂಬಾ ನಡೆಯಿತು. ಕೇಸ್ಲಿ ಹೇಫರ್ಡ್ 1930ರಲ್ಲಿ ತೀರಿಕೊಂಡರು. ಜೆ.ಬಿ. ಡಾನ್‌ಕ್ವಾ ಎಂಬ ಯುವ ವಕೀಲರು ಯುವಜನ ಸಮ್ಮೇಳನ ನಡೆಸಿದರು. ಸಿಯೆರಾ ಲಿಯೋನ್‌ನ ವ್ಯಾಲೆಸ್ ಜಾನ್ಸನ್ ಬಂದು ಪಶ್ಚಿಮ ಆಫ್ರಿಕಾ ಯೂತ್ ಲೀಗ್ ಕಟ್ಟಿ ಕಾರ್ಮಿಕರ ಮಾತಾಡಿದರು. ಮುಂದೆ ನೈಜೀರಿಯಾದ ಅಧ್ಯಕ್ಷರಾದ ಅಜಿಕಿವೆ ಆಗ ಅಕ್ರಾದಲ್ಲಿ ಪತ್ರಿಕೆ ಸಂಪಾದಕರು. 1936ರಲ್ಲಿ ಒಂದು ಲೇಖನಕ್ಕಾಗಿ ಇಬ್ಬರ ಮೇಲೂ ರಾಜದ್ರೋಹದ ಕೇಸ್ ಬಿತ್ತು.

ಆದರೆ ನನ್ನ ಲೆಕ್ಕದಲ್ಲಿ ಆ ದಶಕದ ದೊಡ್ಡ ಘಟನೆ ನಡೆದದ್ದು ಸಭೆಗಳಲ್ಲಲ್ಲ, ಕೊಕ್ಕೊ ತೋಟಗಳಲ್ಲಿ. 1937ರ ಕೊನೆಯಲ್ಲಿ ಯುರೋಪಿನ ದೊಡ್ಡ ಕಂಪನಿಗಳು ಒಳಗೊಳಗೇ ಮಾತಾಡಿಕೊಂಡು ಕೊಕ್ಕೊ ಖರೀದಿಯಲ್ಲಿ ಪೈಪೋಟಿ ಬೇಡ ಅಂತ ಒಪ್ಪಂದ ಮಾಡಿಕೊಂಡವು. ರೈತರು ಏನು ಮಾಡಿದರು ಗೊತ್ತಾ? ಮಾರೋದನ್ನೇ ನಿಲ್ಲಿಸಿದರು. ಸುಗ್ಗಿ ಕಾಲ, ಮನೆ ತುಂಬ ಕೊಕ್ಕೊ ಬೀಜ, ಕೈಯಲ್ಲಿ ಕಾಸಿಲ್ಲ, ಆದರೂ 1938ರ ಏಪ್ರಿಲ್ ತನಕ ಹಟ ಹಿಡಿದು ಕೂತರು. ಲಂಡನ್‌ನಿಂದ ತನಿಖಾ ಆಯೋಗ ಬರಬೇಕಾಯಿತು. ಒಡೆಯರೂ ರೈತರ ಜೊತೆ ನಿಂತರು. ಹಳ್ಳಿಯವರು ಒಟ್ಟಾದರೆ ಏನಾಗುತ್ತೆ ಅನ್ನೋದು ಆಗಲೇ ಗೊತ್ತಾಗಿತ್ತು, ಅದನ್ನು ಪಕ್ಷವಾಗಿ ಕಟ್ಟುವವರು ಮಾತ್ರ ಇನ್ನೂ ಬಂದಿರಲಿಲ್ಲ.

ಕೊಕ್ಕೊಗೆ ಇಷ್ಟೊಂದು ಮಹತ್ವ ಯಾಕೆ?

ದಕ್ಷಿಣ ಕನ್ನಡದಲ್ಲಿ ಅಡಿಕೆ ಮರಗಳ ನಡುವೆ ಕೊಕ್ಕೊ ನೋಡಿದವರಿಗೆ ಗಿಡದ ಪರಿಚಯ ಇದ್ದೇ ಇರುತ್ತೆ. ಕಾಯಿ ಕಾಂಡಕ್ಕೇ ಅಂಟಿಕೊಂಡು ಬಿಡುತ್ತೆ. ಒಡೆದರೆ ಬಿಳಿ ತಿರುಳು, ಒಳಗೆ ಬೀಜ. ಅದನ್ನು ಹುಳಿ ಬರಿಸಿ ಒಣಗಿಸಬೇಕು. ನಮ್ಮಲ್ಲಿ ಅದು ಅಡಿಕೆ ಜೊತೆಗೆ ಬರುವ ಬೆಳೆ. ಅಲ್ಲಿ ಅದೇ ಬದುಕು. ಆ ಕಾಲಕ್ಕೆ ಪ್ರಪಂಚದಲ್ಲೇ ಅತಿ ಹೆಚ್ಚು ಕೊಕ್ಕೊ ಬೆಳೆಯುತ್ತಿದ್ದದ್ದು ಗೋಲ್ಡ್ ಕೋಸ್ಟ್, ಅದೂ ಬಿಳಿಯರ ಎಸ್ಟೇಟ್‌ಗಳಲ್ಲಲ್ಲ, ಆಫ್ರಿಕನ್ ರೈತರ ಸ್ವಂತ ತೋಟಗಳಲ್ಲಿ. 1898ರಲ್ಲಿ ಉಳಿಸಿಕೊಂಡ ಭೂಮಿ ಅಂದೆನಲ್ಲ, ಅದರ ಫಲ ಇದು.

ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಮರಗಳಿಗೆ ರೋಗ ಹಬ್ಬಿತ್ತು. ಹಿಟ್ಟು ತಿಗಣೆ ಹರಡುವ ವೈರಸ್, ಚಿಗುರು ಊದಿಕೊಂಡು ಮರ ಸಾಯುತ್ತೆ. ಔಷಧಿ ಇಲ್ಲ. ಕಡಿದು ಹಾಕಬೇಕು ಅಂತ ಸರ್ಕಾರ ಹಟಕ್ಕೆ ಬಿತ್ತು. ವಿಜ್ಞಾನದ ಪ್ರಕಾರ ಅದು ಸರಿ ಇರಬಹುದು. ಆದರೆ ಇನ್ನೂ ಕಾಯಿ ಬಿಡುತ್ತಿರುವ ಮರವನ್ನು, ವರ್ಷಗಟ್ಟಲೆ ಸಾಕಿದ ಮರವನ್ನು, ಸರ್ಕಾರದ ಆಳುಗಳು ಬಂದು ಕಡಿದು ಉರುಳಿಸುವಾಗ ತೋಟದ ಬದುವಿನ ಮೇಲೆ ನಿಂತು ನೋಡುವ ರೈತನ ಹೊಟ್ಟೆ ಎಷ್ಟು ಉರಿದಿರಬೇಕು! ಆ ಉರಿಯೇ ಮುಂದೆ ಓಟಾಯಿತು.

ನಿಜವಾದ ಮೊದಲ ರಾಷ್ಟ್ರೀಯ ಪಕ್ಷ ಯಾವುದು?

ಯುನೈಟೆಡ್ ಗೋಲ್ಡ್ ಕೋಸ್ಟ್ ಕನ್ವೆನ್ಷನ್, ಚಿಕ್ಕದಾಗಿ ಯುಜಿಸಿಸಿ. 1947ರ ಆಗಸ್ಟ್ 4ರಂದು ಸಾಲ್ಟ್‌ಪಾಂಡ್ ಎಂಬ ಕರಾವಳಿ ಊರಿನಲ್ಲಿ ಉದ್ಘಾಟನೆಯಾಯಿತು. ಭಾರತ ಸ್ವತಂತ್ರವಾಗಲು ಇನ್ನು ಹನ್ನೊಂದು ದಿನ ಬಾಕಿ. ದುಡ್ಡು ಹಾಕಿದವರು ಪಾ ಗ್ರಾಂಟ್ ಎಂಬ ಮರದ ವ್ಯಾಪಾರಿ. ತಲೆ ಡಾನ್‌ಕ್ವಾ ಅವರದು. ಆದಷ್ಟು ಬೇಗ ಸ್ವಯಂ ಆಡಳಿತ ಬರಬೇಕು, ಕಾನೂನಿನ ದಾರಿಯಲ್ಲೇ ಬರಬೇಕು ಅನ್ನೋದು ಅವರ ಘೋಷಣೆ.

ಎಲ್ಲರಿಗೂ ಅವರವರ ವೃತ್ತಿ ಇತ್ತು. ಪೂರ್ತಿ ಸಮಯ ಪಕ್ಷಕ್ಕೆ ದುಡಿಯುವವರು ಬೇಕಲ್ಲ? ಲಂಡನ್‌ನಲ್ಲಿದ್ದ ಕ್ವಾಮೆ ಎನ್‌ಕ್ರುಮಾ ಅವರ ಹೆಸರನ್ನು ಅಕೊ ಅಡ್ಜೆ ಸೂಚಿಸಿದರು. ದಾರಿ ಖರ್ಚಿಗೆ 100 ಪೌಂಡ್ ಕಳಿಸಿದರು. ಹನ್ನೆರಡು ವರ್ಷ ಅಮೆರಿಕ, ಇಂಗ್ಲೆಂಡ್‌ನಲ್ಲಿ ಕಳೆದಿದ್ದ ಎನ್‌ಕ್ರುಮಾ 1947ರ ಡಿಸೆಂಬರ್‌ನಲ್ಲಿ ಊರಿಗೆ ಬಂದರು. ಬಂದವರೇ ಹಳ್ಳಿ ಹಳ್ಳಿ ಸುತ್ತಿ ಶಾಖೆ ತೆರೆಯೋಕೆ ಶುರು ಮಾಡಿದರು.

1948ರ ಫೆಬ್ರವರಿ 28ಕ್ಕೆ ಏನಾಯಿತು? ಬರ್ಮಾ ಯುದ್ಧಕ್ಕೂ ಅದಕ್ಕೂ ಏನು ಸಂಬಂಧ?

ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಯುದ್ಧದಲ್ಲಿ ಪಶ್ಚಿಮ ಆಫ್ರಿಕಾದ ಎರಡು ಡಿವಿಷನ್‌ಗಳು, 81 ಮತ್ತು 82, ಭಾರತಕ್ಕೆ ಬಂದು ಇಲ್ಲಿಂದ ಬರ್ಮಾದ ಅರಾಕಾನ್ ಕಾಡುಗಳಲ್ಲಿ ಜಪಾನಿಯರ ವಿರುದ್ಧ ಹೋರಾಡಿದವು. ಅವುಗಳಲ್ಲಿ ಗೋಲ್ಡ್ ಕೋಸ್ಟ್‌ನ ಹುಡುಗರೂ ಇದ್ದರು. ಪ್ರಪಂಚ ನೋಡಿದರು. ಭಾರತದಲ್ಲಿ ಚಳವಳಿಯ ಗಾಳಿ ಬೀಸುತ್ತಿದ್ದ ಕಾಲ ಅದು. ವಾಪಸ್ ಹೋದರೆ ಕೆಲಸವಿಲ್ಲ, ಕೊಡುತ್ತೇವೆ ಅಂದಿದ್ದ ಸವಲತ್ತಿಲ್ಲ, ಅಂಗಡಿಯಲ್ಲಿ ಮಾತ್ರ ಎಲ್ಲದಕ್ಕೂ ಬೆಂಕಿ ಬೆಲೆ.

ಬೆಲೆ ಇಳಿಸಿ ಅಂತ 1948ರ ಜನವರಿಯಲ್ಲಿ ನೀ ಕ್ವಾಬೆನಾ ಬೊನ್ನೆ ಎಂಬ ಅಕ್ರಾದ ಒಡೆಯರು ವಿದೇಶಿ ಸರಕಿನ ಬಹಿಷ್ಕಾರಕ್ಕೆ ಕರೆ ಕೊಟ್ಟರು. ಒಂದು ತಿಂಗಳು ಜನ ಗಟ್ಟಿಯಾಗಿ ನಿಂತರು. ಬೆಲೆ ಇಳಿಸುವ ಒಪ್ಪಂದವಾಗಿ ಬಹಿಷ್ಕಾರ ಮುಗಿದದ್ದು ಫೆಬ್ರವರಿ 28, ಶನಿವಾರ. ಅಂಗಡಿಗೆ ಹೋಗಿ ನೋಡಿದರೆ ಅಂದುಕೊಂಡಷ್ಟು ಇಳಿದಿಲ್ಲ. ಅದೇ ದಿನ ಮಾಜಿ ಸೈನಿಕರು ಗವರ್ನರ್‌ಗೆ ಅರ್ಜಿ ಕೊಡಲು ಕ್ರಿಶ್ಚಿಯನ್ಸ್‌ಬೋರ್ಗ್ ಕೋಟೆ ಕಡೆ ಮೆರವಣಿಗೆ ಹೊರಟರು. ಕೈಯಲ್ಲಿ ಆಯುಧ ಇರಲಿಲ್ಲ. ಅಡ್ಡರಸ್ತೆಯಲ್ಲಿ ಪೊಲೀಸರು ತಡೆದರು. ಇಮ್ರೇ ಎಂಬ ಬ್ರಿಟಿಷ್ ಪೊಲೀಸ್ ಅಧಿಕಾರಿ ಗುಂಡು ಹಾರಿಸಲು ಆಜ್ಞೆ ಕೊಟ್ಟರೂ ಅವರ ಕಡೆಯವರು ಹಾರಿಸಲಿಲ್ಲ. ಆಗ ಪಕ್ಕದವನ ಬಂದೂಕು ಕಿತ್ತುಕೊಂಡು ತಾವೇ ಹಾರಿಸಿದರು. ಸಾರ್ಜೆಂಟ್ ಅಡ್ಜೆಟೆ, ಕಾರ್ಪೊರಲ್ ಅಟಿಪೋ, ಪ್ರೈವೇಟ್ ಒಡಾರ್ಟೆ ಲ್ಯಾಂಪ್ಟಿ ಸತ್ತರು. ಬ್ರಿಟನ್‌ಗಾಗಿ ಯುದ್ಧ ಮಾಡಿ ಜೀವ ಉಳಿಸಿಕೊಂಡು ಬಂದವರು ತಮ್ಮೂರ ಬೀದಿಯಲ್ಲಿ ಬ್ರಿಟಿಷ್ ಗುಂಡಿಗೆ ಸತ್ತರು. ಈ ಮೂರು ಹೆಸರನ್ನು ನೋಟ್ಸ್‌ನಲ್ಲಿ ಬರೆದಿಟ್ಟುಕೊಳ್ಳಿ, ಪರೀಕ್ಷೆಗೆ ಬಾರದಿದ್ದರೂ ಪರವಾಗಿಲ್ಲ.

ಊರು ಹೊತ್ತಿಕೊಂಡಿತು. ಗಲಭೆಯಲ್ಲಿ ಒಟ್ಟು 29 ಜನ ಸತ್ತರು. ಸರ್ಕಾರ ಯುಜಿಸಿಸಿಯ ಆರು ಮುಖಂಡರನ್ನು ಹಿಡಿದು ದೂರ ಇಟ್ಟಿತು. ಡಾನ್‌ಕ್ವಾ, ಎನ್‌ಕ್ರುಮಾ, ಅಕೊ ಅಡ್ಜೆ, ಅಕುಫೋ ಅಡ್ಡೋ, ಒಬೆಟ್ಸೆಬಿ ಲ್ಯಾಂಪ್ಟಿ, ವಿಲಿಯಂ ಒಫೋರಿ ಅಟ್ಟಾ. ಇವರನ್ನೇ ಇವತ್ತಿಗೂ 'ಬಿಗ್ ಸಿಕ್ಸ್' ಅನ್ನೋದು. ಗಲಭೆ ಮಾಡಿಸಿದ್ದು ಅವರಲ್ಲ. ಆದರೆ ಜೈಲಿಗೆ ಹಾಕಿ ಸರ್ಕಾರವೇ ಅವರನ್ನು ಮನೆಮಾತು ಮಾಡಿತು.

ಎನ್‌ಕ್ರುಮಾ ಯುಜಿಸಿಸಿ ಬಿಟ್ಟದ್ದು ಯಾಕೆ?

ಒಂದೇ ಮಾತಲ್ಲಿ ಹೇಳಿದರೆ 'ಆದಷ್ಟು ಬೇಗ' ಮತ್ತು 'ಈಗಲೇ' ನಡುವಿನ ಜಗಳ. ಒಳಗೆ ಇನ್ನೊಂದು ಇತ್ತು. ಯಾರನ್ನು ಜೊತೆಗೆ ಕೂರಿಸಿಕೊಳ್ಳಬೇಕು ಅನ್ನೋದು.

ಆಗಿನ ಪಟ್ಟಣಗಳಲ್ಲಿ ಏಳನೇ ಸ್ಟ್ಯಾಂಡರ್ಡ್ ಮುಗಿಸಿದ ಹುಡುಗರು ತುಂಬಿಹೋಗಿದ್ದರು. ಗುಮಾಸ್ತರು, ಡ್ರೈವರ್‌ಗಳು, ಪ್ರೈಮರಿ ಸ್ಕೂಲ್ ಮೇಷ್ಟ್ರುಗಳು, ಕೆಲಸ ಹುಡುಕುವವರು. ಮನೆ ಇಲ್ಲದೆ ಉಳ್ಳವರ ಜಗಲಿ ಮೇಲೆ ಮಲಗುವವರು ಅನ್ನುವ ಅರ್ಥದಲ್ಲಿ ಅವರನ್ನು 'ವೆರಾಂಡಾ ಬಾಯ್ಸ್' ಅಂತ ಹೀನಾಯವಾಗಿ ಕರೆಯುತ್ತಿದ್ದರು. ನಮ್ಮ ಮಾತಲ್ಲಿ ಜಗಲಿ ಹುಡುಗರು. ಎನ್‌ಕ್ರುಮಾ ಈ ಜಗಲಿ ಹುಡುಗರನ್ನೇ ಸೇರಿಸಿದರು. ಗಲಭೆ ನಂತರ ಮುಷ್ಕರ ಮಾಡಿ ಶಾಲೆಯಿಂದ ಹೊರಬಿದ್ದ ಮಕ್ಕಳಿಗೆ ಕೇಪ್ ಕೋಸ್ಟ್‌ನಲ್ಲಿ ಒಂದು ಶಾಲೆಯನ್ನೇ ತೆರೆದರು. 1948ರ ಸೆಪ್ಟೆಂಬರ್‌ನಲ್ಲಿ ಅಕ್ರಾ ಈವ್ನಿಂಗ್ ನ್ಯೂಸ್ ಪತ್ರಿಕೆ ಶುರು ಮಾಡಿದರು. ಪಕ್ಷದ ಹಿರಿಯರಿಗೆ ಇದೆಲ್ಲಾ ಸರಿ ಕಾಣಲಿಲ್ಲ. ಪ್ರಧಾನ ಕಾರ್ಯದರ್ಶಿ ಹುದ್ದೆಯಿಂದ ತೆಗೆದು ಖಜಾಂಚಿ ಮಾಡಿದರು. ಹೊಸ ಸಂವಿಧಾನ ಬರೆಯಲು ಕೌಸಿ ಸಮಿತಿ ಮಾಡಿದಾಗ ಡಾನ್‌ಕ್ವಾ ಅವರಿಗೆ ಜಾಗ ಸಿಕ್ಕಿತು, ಎನ್‌ಕ್ರುಮಾಗೆ ಸಿಗಲಿಲ್ಲ.

1949ರ ಜೂನ್ 12ರಂದು ಅಕ್ರಾದ ಅರೀನಾ ಮೈದಾನದಲ್ಲಿ ಕನ್ವೆನ್ಷನ್ ಪೀಪಲ್ಸ್ ಪಾರ್ಟಿ, ಅಂದರೆ ಸಿಪಿಪಿ ಘೋಷಣೆಯಾಯಿತು. ಸುಮಾರು 60,000 ಜನ ಸೇರಿದ್ದರು ಅಂತ ಎನ್‌ಕ್ರುಮಾ ಅವರೇ ಬರೆದುಕೊಂಡಿದ್ದಾರೆ. ಕೆಲವೇ ವಾರಗಳ ನಂತರ ಸಾಲ್ಟ್‌ಪಾಂಡ್‌ನಲ್ಲಿ ರಾಜಿ ಮಾತುಕತೆ ಮುರಿದುಬಿತ್ತು. ಹೊರಗೆ ಕಾದಿದ್ದ ಜನ 'ರಾಜೀನಾಮೆ ಕೊಡಿ' ಅಂತ ಕೂಗಿದರು. ಯಾರೋ ಪೆನ್ನು ಕೊಟ್ಟರು, ಯಾರೋ ಕಾಗದ ಕೊಟ್ಟರು. ಮೇಜು ಎಲ್ಲಿಂದ ಬರಬೇಕು? ಒಬ್ಬರ ಬೆನ್ನ ಮೇಲೆ ಕಾಗದ ಇಟ್ಟು ಅಲ್ಲೇ ರಾಜೀನಾಮೆ ಬರೆದರು. ಅವರ ಆತ್ಮಕಥೆಯಲ್ಲಿ ನನಗೆ ಮರೆಯಲಾಗದ ಚಿತ್ರ ಇದು.

ಸಿಪಿಪಿ ಹಳೆಯ ಸಂಘಟನೆಗಳಿಗಿಂತ ಹೇಗೆ ಬೇರೆ?

ಕೆಂಪು, ಬಿಳಿ, ಹಸಿರು ಬಾವುಟ. ಹುಂಜದ ಗುರುತು. ಹಾಡು, ಘೋಷಣೆ, ಧ್ವನಿವರ್ಧಕ ಕಟ್ಟಿದ ವ್ಯಾನು. ಸಂತೆಯ ಹೆಂಗಸರು. ಇವರನ್ನು ಮರೆಯಬಾರದು. ಪಶ್ಚಿಮ ಆಫ್ರಿಕಾದಲ್ಲಿ ಬಟ್ಟೆ, ಮೀನು, ತರಕಾರಿ ವ್ಯಾಪಾರವೆಲ್ಲಾ ಹೆಂಗಸರ ಕೈಯಲ್ಲೇ. ಅವರು ಮನಸ್ಸು ಮಾಡಿದರೆ ಸಂಜೆಯೊಳಗೆ ಸುದ್ದಿ ಊರೆಲ್ಲಾ ಹಬ್ಬುತ್ತೆ, ದುಡ್ಡೂ ಕೂಡುತ್ತೆ. ಬಟ್ಟೆ ಹೊಲಿಯುತ್ತಿದ್ದ ಹನ್ನಾ ಕುಜೋ ಪಕ್ಷದ ಪ್ರಚಾರಕಿಯಾಗಿ ದೇಶ ಸುತ್ತಿದರು.

ಗಾಂಧೀಜಿ ಪ್ರಭಾವ ನಿಜವಾ, ಸುಮ್ನೆ ನಾವು ಹೇಳಿಕೊಳ್ಳೋದಾ?

ನಿಜ. ಮುಷ್ಕರ, ಬಹಿಷ್ಕಾರ, ಅಸಹಕಾರ ಸೇರಿಸಿ ಎನ್‌ಕ್ರುಮಾ 'ಪಾಸಿಟಿವ್ ಆ್ಯಕ್ಷನ್' ಎಂಬ ಚಳವಳಿ ರೂಪಿಸಿದರು. ಅದರ ಕೊನೆಯ ಹೆಜ್ಜೆ ಭಾರತದಲ್ಲಿ ಗಾಂಧಿ ಬಳಸಿದಂಥ ಪೂರ್ಣ ಅಹಿಂಸೆಯ ಮೇಲೆ ನಿಂತದ್ದು ಅಂತ ಅವರು ಸ್ಪಷ್ಟವಾಗಿ ಹೇಳಿದ್ದರು. 1950ರ ಜನವರಿ 8ರಂದು ಶುರುವಾಯಿತು. ಸರ್ಕಾರ ತುರ್ತು ಪರಿಸ್ಥಿತಿ ಹೇರಿ ಮುಖಂಡರನ್ನೆಲ್ಲಾ ಒಳಗೆ ಹಾಕಿತು. ಬಿಡುಗಡೆಯಾಗಿ ಬಂದವರು 'ಪಿ.ಜಿ.' ಅಂತ ಬರೆದ ಟೋಪಿ ಹಾಕಿಕೊಂಡು ಹೆಮ್ಮೆಯಿಂದ ಓಡಾಡಿದರು. ಪಿ.ಜಿ. ಅಂದರೆ ಪ್ರಿಸನ್ ಗ್ರ್ಯಾಜುಯೇಟ್, ಜೈಲು ಪದವೀಧರ. ಡಿಗ್ರಿ ಇದ್ದವರದ್ದೇ ರಾಜಕೀಯವಾಗಿದ್ದ ಕಡೆ ಆ ಟೋಪಿಯ ಬೆಲೆ ಯೋಚನೆ ಮಾಡಿ.

ಜೈಲಿನಿಂದ ಚುನಾವಣೆ ಗೆದ್ದದ್ದು ನಿಜವಾ?

ನಿಜ. ಒಂದು ವರ್ಷ ಮೀರಿದ ಶಿಕ್ಷೆ ಆದವರಿಗೆ ಮಾತ್ರ ಅಡ್ಡಿ ಇತ್ತು. ಎನ್‌ಕ್ರುಮಾಗೆ ಒಟ್ಟು ಮೂರು ವರ್ಷ, ಆದರೆ ಒಂದೊಂದು ವರ್ಷದ ಮೂರು ಬೇರೆ ಬೇರೆ ಶಿಕ್ಷೆ. ಹಾಗಾಗಿ ನಿಲ್ಲಬಹುದಾಗಿತ್ತು. ಟಾಯ್ಲೆಟ್ ಪೇಪರ್ ಮೇಲೆ ಚೀಟಿ ಬರೆದು ಜೈಲಿನಿಂದ ಹೊರಗೆ ದಾಟಿಸುತ್ತಿದ್ದರು. ಹೊರಗೆ ಪಕ್ಷವನ್ನು ಹೆಗಲ ಮೇಲೆ ಹೊತ್ತವರು ಕೊಮ್ಲಾ ಗ್ಬೆಡೆಮಾ. ಎನ್‌ಕ್ರುಮಾ ಹೆಸರಿನ ಜೊತೆ ಇವರ ಹೆಸರನ್ನೂ ಹೇಳಲೇಬೇಕು.

1951ರ ಫೆಬ್ರವರಿ 8ರಂದು ಚುನಾವಣೆ. ಅಕ್ರಾ ಸೆಂಟ್ರಲ್‌ನಲ್ಲಿ ಎನ್‌ಕ್ರುಮಾಗೆ 23,122ರಲ್ಲಿ 22,780 ಓಟು. ಜನರ ಓಟಿನಿಂದ ತುಂಬುವ 38 ಸ್ಥಾನಗಳಲ್ಲಿ ಸಿಪಿಪಿಗೆ 34. ಹಳ್ಳಿ ಕಡೆ ಓಟು ನೇರವಾಗಿರಲಿಲ್ಲ, ಜನ ಆರಿಸಿದವರು ಸೇರಿ ಮತ್ತೆ ಆರಿಸಬೇಕಿತ್ತು, ಆದರೂ ಇಷ್ಟು. 84 ಜನರ ಸಭೆಯಲ್ಲಿ ಉಳಿದ ಸ್ಥಾನಗಳು ಒಡೆಯರ ಮಂಡಳಿಗಳಿಗೆ, ವ್ಯಾಪಾರ ಮತ್ತು ಗಣಿಯವರಿಗೆ, ಸರ್ಕಾರದವರಿಗೆ. ಫೆಬ್ರವರಿ 12ಕ್ಕೆ ಎನ್‌ಕ್ರುಮಾ ಅವರನ್ನು ಗವರ್ನರ್ ಆರ್ಡನ್ ಕ್ಲಾರ್ಕ್ ಬಿಡುಗಡೆ ಮಾಡಿದರು. 1952ಕ್ಕೆ ಎನ್‌ಕ್ರುಮಾ ಪ್ರಧಾನಿ.

ಎಲ್ಲರೂ ಸಿಪಿಪಿ ಹಿಂದೆಯೇ ಇದ್ದರಾ?

ಇಲ್ಲ, ಹಾಗೆ ಬರೆದ ಪುಸ್ತಕ ನಂಬಬೇಡಿ. 1954ರಲ್ಲಿ ಉತ್ತರದವರು ನಾರ್ದರ್ನ್ ಪೀಪಲ್ಸ್ ಪಾರ್ಟಿ ಕಟ್ಟಿದರು. ದಕ್ಷಿಣದವರು ಮುಂದುವರಿದವರು, ನಾವು ಹಿಂದೆ ಬೀಳುತ್ತೇವೆ ಅನ್ನುವ ಭಯ ಅವರದು. ಟೋಗೋಲ್ಯಾಂಡ್ ಕಾಂಗ್ರೆಸ್ ಇತ್ತು, ಮುಸ್ಲಿಂ ಅಸೋಸಿಯೇಷನ್ ಪಾರ್ಟಿ ಇತ್ತು.

ದೊಡ್ಡ ಏಟು ಬಂದದ್ದು ಅಶಾಂಟಿಯಿಂದ, ಕಾರಣ ಮತ್ತೆ ಕೊಕ್ಕೊ. 1954ರ ಆಗಸ್ಟ್‌ನಲ್ಲಿ ಎನ್‌ಕ್ರುಮಾ ಸರ್ಕಾರ ರೈತನಿಗೆ ಕೊಡುವ ಬೆಲೆಯನ್ನು 60 ಪೌಂಡ್ ತೂಕದ ಒಂದು ಲೋಡ್‌ಗೆ 72 ಶಿಲ್ಲಿಂಗ್ ಅಂತ ಕಟ್ಟಿಹಾಕಿತು. ಹೊರಗಿನ ಮಾರುಕಟ್ಟೆಯಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಇತ್ತು. ಮಿಕ್ಕ ದುಡ್ಡು ದೇಶ ಕಟ್ಟೋಕೆ ಅಂದರು. ಕಟ್ಟೋದು ಅಕ್ರಾದಲ್ಲಿ, ಬೆವರು ನಮ್ಮದಾ ಅಂತ ಅಶಾಂಟಿ ರೈತ ಕೇಳಿದ. ಅವನ ಪ್ರಶ್ನೆ ನ್ಯಾಯವಾದದ್ದೇ. ಸೆಪ್ಟೆಂಬರ್‌ನಲ್ಲಿ ಕುಮಾಸಿಯಲ್ಲಿ ಬಾಫೂರ್ ಒಸೇ ಅಕೋಟೋ ನೇತೃತ್ವದಲ್ಲಿ ನ್ಯಾಷನಲ್ ಲಿಬರೇಷನ್ ಮೂವ್‌ಮೆಂಟ್ ಹುಟ್ಟಿತು. ಅಶಾಂಟಿ ದೊರೆಯ ಬೆಂಬಲ ಇತ್ತು. ವಿದ್ವಾಂಸರಾದ ಬುಸಿಯಾ ಸೇರಿಕೊಂಡರು. ಒಕ್ಕೂಟ ವ್ಯವಸ್ಥೆ ಬೇಕು ಎಂದರು. ಎರಡೂ ಕಡೆಯಿಂದ ಹೊಡೆದಾಟ, ಬಾಂಬು. 1955ರಲ್ಲಿ ಎನ್‌ಕ್ರುಮಾ ಮನೆಗೇ ಬಾಂಬ್ ಬಿತ್ತು. ಕೊನೆಗೆ ಇನ್ನೊಂದು ಚುನಾವಣೆ ಮಾಡಿ ತೋರಿಸಿ ಅಂದಿತು ಲಂಡನ್. 1956ರ ಜುಲೈನಲ್ಲಿ 104ರಲ್ಲಿ 70ಕ್ಕೂ ಹೆಚ್ಚು ಸ್ಥಾನ ಸಿಪಿಪಿ ಗೆದ್ದಿತು.

ಬೇರೆ ದೇಶಗಳಲ್ಲೂ ಹೀಗೇನಾ?

ನೈಜೀರಿಯಾದಲ್ಲಿ ಪಕ್ಷ ಇನ್ನೂ ಮೊದಲೇ ಬಂತು. 1923ರಲ್ಲಿ ಹರ್ಬರ್ಟ್ ಮೆಕಾಲೆ ಕಟ್ಟಿದ ನೈಜೀರಿಯನ್ ನ್ಯಾಷನಲ್ ಡೆಮಾಕ್ರಟಿಕ್ ಪಾರ್ಟಿ, ಲಾಗೋಸ್‌ಗೆ ಸಿಕ್ಕ ಮೂರು ಸ್ಥಾನಗಳಿಗಾಗಿ. ಟಾಂಗಾನಿಕಾದಲ್ಲಿ (ಇವತ್ತಿನ ಟಾಂಜಾನಿಯಾದ ಮುಖ್ಯ ಭಾಗ) 1929ರ ಆಫ್ರಿಕನ್ ಅಸೋಸಿಯೇಷನ್ ಬೆಳೆದು 1954ರ ಜುಲೈ 7ರಂದು ನ್ಯೆರೆರೆ ಅವರ ಟಾನು ಪಕ್ಷವಾಯಿತು. ಫ್ರೆಂಚ್ ವಸಾಹತುಗಳದ್ದು ಬೇರೆಯೇ ದಾರಿ.

ಸ್ವಾತಂತ್ರ್ಯದ ನಂತರ ಈ ಪಕ್ಷಗಳು ಏನಾದವು?

1957ರ ಕೊನೆಗೆ ಪ್ರದೇಶ, ಧರ್ಮ, ಬುಡಕಟ್ಟಿನ ಹೆಸರಿನ ಪಕ್ಷಗಳನ್ನು ನಿಷೇಧಿಸುವ ಕಾನೂನು ಬಂತು. ವಿರೋಧಿಗಳೆಲ್ಲಾ ಸೇರಿ ಯುನೈಟೆಡ್ ಪಾರ್ಟಿ ಆದರು. 1958ರಲ್ಲಿ ವಿಚಾರಣೆ ಇಲ್ಲದೆ ಬಂಧನದಲ್ಲಿಡುವ ಕಾನೂನು. 1964ಕ್ಕೆ ಸಿಪಿಪಿ ಒಂದೇ ಪಕ್ಷ. ಎನ್‌ಕ್ರುಮಾ ಅವರನ್ನು ಕರೆಸಿಕೊಂಡ ಪಕ್ಷದ ತಲೆಯಾಗಿದ್ದ, ಅವರ ಜೊತೆ ಬಂಧನದಲ್ಲಿದ್ದ ಡಾನ್‌ಕ್ವಾ 1965ರ ಫೆಬ್ರವರಿಯಲ್ಲಿ ನ್ಸವಾಮ್ ಜೈಲಿನಲ್ಲೇ ಸತ್ತರು. ಎನ್‌ಕ್ರುಮಾ ಬಗ್ಗೆ ನನಗೆ ತುಂಬಾ ಗೌರವ ಇದೆ. ಈ ಸಾವನ್ನು ಮಾತ್ರ ಸಮರ್ಥಿಸೋಕೆ ನನ್ನಿಂದ ಆಗಲ್ಲ. ಮುಂದಿನ ವರ್ಷವೇ, 1966ರ ಫೆಬ್ರವರಿ 24ರಂದು, ಎನ್‌ಕ್ರುಮಾ ವಿದೇಶದಲ್ಲಿದ್ದಾಗ ಸೈನ್ಯ ಮತ್ತು ಪೊಲೀಸರು ಅಧಿಕಾರ ಕಿತ್ತುಕೊಂಡರು. ಸಿಪಿಪಿಯೂ ನಿಷೇಧವಾಯಿತು.

ಹಳೆಯ ಜಗಳ ಇವತ್ತಿಗೂ ಉಳಿದಿದೆಯಾ?

ಚೆನ್ನಾಗಿಯೇ ಉಳಿದಿದೆ. ಬಿಗ್ ಸಿಕ್ಸ್‌ನ ಅಕುಫೋ ಅಡ್ಡೋ ಅವರ ಮಗ ನಾನಾ ಅಕುಫೋ ಅಡ್ಡೋ 2017ರಿಂದ 2025ರವರೆಗೆ ಘಾನಾದ ಅಧ್ಯಕ್ಷರಾಗಿದ್ದರು. ಅವರ ಪಕ್ಷ ತನ್ನನ್ನು ಡಾನ್‌ಕ್ವಾ, ಬುಸಿಯಾ ಪರಂಪರೆಯದು ಅಂತ ಹೇಳಿಕೊಳ್ಳುತ್ತೆ.

ಜಗಳ ಹತ್ತಿರದಿಂದ ನೋಡಬೇಕಾ? ಒಂದು ಸರ್ಕಾರಿ ರಜೆ ನೋಡಿ. 2009ರಲ್ಲಿ ಎನ್‌ಕ್ರುಮಾ ಹುಟ್ಟಿದ ಸೆಪ್ಟೆಂಬರ್ 21ನ್ನು 'ಸ್ಥಾಪಕನ ದಿನ' ಅಂತ ಮಾಡಿದರು. ಸ್ಥಾಪಕ ಒಬ್ಬನೇ. 2019ರಲ್ಲಿ ಅಕುಫೋ ಅಡ್ಡೋ ಸರ್ಕಾರ ಅದನ್ನು 'ಸ್ಥಾಪಕರ ದಿನ' ಮಾಡಿ ಆಗಸ್ಟ್ 4ಕ್ಕೆ ತಂದಿತು. ಯಾಕೆ ಆಗಸ್ಟ್ 4? 1897ರಲ್ಲಿ ಹಕ್ಕು ರಕ್ಷಣಾ ಸಂಘ, 1947ರಲ್ಲಿ ಯುಜಿಸಿಸಿ, ಎರಡೂ ಹುಟ್ಟಿದ್ದು ಅದೇ ತಾರೀಖಿಗೆ ಅನ್ನೋದು ಅವರ ಲೆಕ್ಕ. ಇಂಗ್ಲಿಷ್‌ನಲ್ಲಿ ಈ ಬದಲಾವಣೆ ಒಂದು ಅಪಾಸ್ಟ್ರಫಿ ಚಿಹ್ನೆ ಅತ್ತಿತ್ತ ಸರಿಯುವಷ್ಟು, ಕನ್ನಡದಲ್ಲಿ 'ನ' ಹೋಗಿ 'ರ' ಬರುವಷ್ಟು. 2025ರಲ್ಲಿ ಸರ್ಕಾರ ಬದಲಾಯಿತು, ರಜೆ ಮತ್ತೆ ಸೆಪ್ಟೆಂಬರ್ 21ಕ್ಕೆ ಹೋಯಿತು.